ಮೇಲಿನಿಂದ ಕಂಡ ಕರಾವಳಿ: ಒಂದು ಚಿತ್ರ ಎಷ್ಟು ಸತ್ಯ ಹೇಳುತ್ತದೆ?

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಂಡಿಸಿದ ಉಪನ್ಯಾಸದ ಪಠ್ಯ)



ಕೆಲವೇ ದಶಕಗಳ ಹಿಂದೆ ಆಕಾಶದಿಂದ ನೆಲದ ಚಿತ್ರ ತೆಗೆಯಬೇಕಾದರೆ ವಿಮಾನವೋ ಹೆಲಿಕಾಪ್ಟರೋ ಬೇಕಾಗಿತ್ತು. ಇಂದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಡ್ರೋನ್ ಆ ಕೆಲಸವನ್ನು ಮಾಡುತ್ತದೆ. ಮದುವೆಯ ಚಪ್ಪರ, ಜಾತ್ರೆಯ ತೇರು, ಅಡಿಕೆ ತೋಟದ ಹಸಿರು ಎಲ್ಲವೂ ಮೇಲಿನಿಂದ ಚಿತ್ರಿತವಾಗುತ್ತಿವೆ. ಇವೆಲ್ಲಕ್ಕಿಂತ ಹೆಚ್ಚಾಗಿ ಡ್ರೋನ್‌ನ ಕಣ್ಣಿಗೆ ಬಿದ್ದಿರುವುದು ಕರಾವಳಿ. ಕಾರವಾರದಿಂದ ಉಳ್ಳಾಲದವರೆಗೆ ಸುಮಾರು 320 ಕಿ.ಮೀ. ಎಂದು ವಾಡಿಕೆಯಲ್ಲಿ ಹೇಳಲಾಗುವ ಕರ್ನಾಟಕದ ಕಡಲತೀರ ಇಂದು ಪ್ರವಾಸಿಗರ ಮೊಬೈಲುಗಳಲ್ಲಿ, ಪ್ರವಾಸೋದ್ಯಮದ ಜಾಹೀರಾತುಗಳಲ್ಲಿ, ಯೋಜನಾ ವರದಿಗಳ ಮುಖಪುಟಗಳಲ್ಲಿ ಹಕ್ಕಿಯ ನೋಟವಾಗಿ ಕಾಣಿಸಿಕೊಳ್ಳುತ್ತಿದೆ.

ಚಿತ್ರಗಳು ಸುಂದರವಾಗಿವೆ ಎಂಬುದರಲ್ಲಿ ಸಂದೇಹವಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಕೋಡಿ ಬೆಂಗ್ರೆಯಲ್ಲಿ ನದಿಗೂ ಕಡಲಿಗೂ ನಡುವೆ ಬೆರಳಿನಂತೆ ಚಾಚಿಕೊಂಡ ನೆಲ, ಅದರ ಮೇಲೆ ಮನೆ, ತೆಂಗು, ರಸ್ತೆ. ನೆಲದ ಮೇಲೆ ನಿಂತವರಿಗೆ ಈ ವಿನ್ಯಾಸ ಒಂದೇ ನೋಟಕ್ಕೆ ದಕ್ಕುವುದಿಲ್ಲ. ಆದರೆ ಈ ಚಿತ್ರಗಳಲ್ಲಿ ಬಹುತೇಕ ಎಲ್ಲವೂ ನವೆಂಬರಿನಿಂದ ಮೇ ತಿಂಗಳೊಳಗಿನ ಒಂದು ಶುಭ್ರ ದಿನದಲ್ಲಿ, ಗಾಳಿ ತಗ್ಗಿದ ಒಂದು ಗಳಿಗೆಯಲ್ಲಿ ತೆಗೆದವು. ಕರಾವಳಿಯೆಂಬುದು ಒಂದು ಗಳಿಗೆಯಲ್ಲಿ ಮುಗಿಯುವ ವಸ್ತುವಲ್ಲ. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆ ಡ್ರೋನ್ ಚಿತ್ರಕ್ಕೆ ಪೂರ್ಣವಾಗಿ ಅನ್ವಯಿಸುತ್ತದೆ. ಯಾವ ತಿಂಗಳು, ಯಾವ ತಿಥಿ, ಉಬ್ಬರವೋ ಇಳಿತವೋ, ಗಾಳಿ ಎತ್ತಣದ್ದು ಎಂಬ ವಿವರಗಳಿಲ್ಲದ ಚಿತ್ರ ಕಣ್ಣಿಗೆ ಹಬ್ಬವಾದೀತು, ಸಾಕ್ಷ್ಯವಾಗಲಾರದು. ಹೀಗೆ ಹೇಳುವುದಕ್ಕೆ ಏನು ಆಧಾರ, ಅದರಿಂದ ಘಟ್ಟದ ಮೇಲಿನವರಿಗೆ ಏನು ಸಂಬಂಧ ಎಂಬುದೇ ಇಂದಿನ ವಿಚಾರ.

ಒಂದೇ ತೀರ, ಎರಡು ರೂಪ

ಪಶ್ಚಿಮ ಕರಾವಳಿಯ ಮರಳ ತೀರಗಳಿಗೆ ವರ್ಷಕ್ಕೊಂದು ಉಸಿರಾಟವಿದೆ. ಜೂನ್ ಮೊದಲ ವಾರ ಮುಂಗಾರು ಬಲಗೊಂಡಾಗ ಎತ್ತರದ, ಕಡಿದಾದ ಅಲೆಗಳು ಒಂದರ ಹಿಂದೊಂದು ಬಂದು ದಡದ ಮರಳನ್ನು ಎಳೆದೊಯ್ಯುತ್ತವೆ. ಆ ಮರಳು ಎಲ್ಲಿಗೋ ಮಾಯವಾಗುವುದಿಲ್ಲ. ಅದರ ದೊಡ್ಡ ಪಾಲು ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿಯ ದಿಬ್ಬವಾಗಿ ನಿಲ್ಲುತ್ತದೆ. ಮಳೆ ಮುಗಿದು ಅಕ್ಟೋಬರ್ ಕಳೆದ ಮೇಲೆ ಬರುವ ಸೌಮ್ಯವಾದ ಉದ್ದನೆಯ ಅಲೆಗಳು ಅದೇ ಮರಳನ್ನು ನಿಧಾನವಾಗಿ ದಡಕ್ಕೆ ಮರಳಿಸುತ್ತವೆ. ಬೇಸಿಗೆಯ ಹೊತ್ತಿಗೆ ತೀರ ಮತ್ತೆ ಅಗಲವಾಗುತ್ತದೆ.

ಆದ್ದರಿಂದ ಏಪ್ರಿಲ್ ತಿಂಗಳಲ್ಲಿ ತೆಗೆದ ಚಿತ್ರವನ್ನೂ ಆಗಸ್ಟ್ ತಿಂಗಳಲ್ಲಿ ತೆಗೆದ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು "ತೀರವೇ ಕೊಚ್ಚಿಹೋಯಿತು" ಎಂದು ಘೋಷಿಸುವುದು ತಪ್ಪಾಗುತ್ತದೆ. ಆಗಸ್ಟ್ ಚಿತ್ರವನ್ನು ಬಚ್ಚಿಟ್ಟು ಏಪ್ರಿಲ್ ಚಿತ್ರವನ್ನಷ್ಟೇ ತೋರಿಸಿ "ಇಲ್ಲಿ ಕಟ್ಟಡಕ್ಕೆ ಧಾರಾಳ ಜಾಗವಿದೆ" ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಏಪ್ರಿಲ್ ಚಿತ್ರವನ್ನು ಮುಂದಿನ ವರ್ಷದ ಏಪ್ರಿಲ್ ಚಿತ್ರದೊಂದಿಗೆ, ಆಗಸ್ಟನ್ನು ಆಗಸ್ಟಿನೊಂದಿಗೆ ಹೋಲಿಸಬೇಕು. ಹತ್ತು ವರ್ಷಗಳ ಏಪ್ರಿಲ್ ಚಿತ್ರಗಳಲ್ಲಿ ಮರಳು ಮರಳಿ ಬಾರದೆ ತೀರ ಕಿರಿದಾಗುತ್ತಲೇ ಹೋಗಿದ್ದರೆ ಅದನ್ನು ಕಡಲ್ಕೊರೆತ ಎನ್ನಬಹುದು. 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಈ ಬಗೆಯಲ್ಲಿ ಹೋಲಿಸಿಯೇ ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಭಾರತದ ಕಡಲತೀರದ ಸುಮಾರು ಮೂರನೆಯ ಒಂದು ಭಾಗ ಕೊರೆತಕ್ಕೆ ಒಳಗಾಗಿದೆ ಎಂಬ ತೀರ್ಮಾನಕ್ಕೆ ಬಂದಿತು. ಆ ತೀರ್ಮಾನದ ಬಲವಿರುವುದು ಸಾಲುಸಾಲಾದ ಚಿತ್ರಗಳಲ್ಲಿ.

ಋತುವಿನ ಉಸಿರಾಟದೊಳಗೆ ದಿನದ ಉಸಿರಾಟವೂ ಇದೆ. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಅದರ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ಅಂತರ ಹೆಚ್ಚು, ಅಷ್ಟಮಿಯ ಸುತ್ತಮುತ್ತ ಕಡಿಮೆ. ಕರ್ನಾಟಕದ ತೀರದಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಈ ಅಂತರ ಎರಡು ಮೀಟರಿನ ಆಸುಪಾಸಿನಲ್ಲಿರುತ್ತದೆ. ಇಳಿಜಾರು ಕಡಿಮೆಯಿರುವ ತೀರದಲ್ಲಿ ಎರಡು ಮೀಟರ್ ಎತ್ತರದ ನೀರು ಹತ್ತಾರು ಮೀಟರ್ ಅಗಲದ ನೆಲವನ್ನು ಮುಚ್ಚಬಲ್ಲದು. ಬೆಳಿಗ್ಗೆಯ ಚಿತ್ರದಲ್ಲಿ ನೆಲವಾಗಿದ್ದದ್ದು ಮಧ್ಯಾಹ್ನದ ಚಿತ್ರದಲ್ಲಿ ನೀರು.

ಗಾಳಿಯ ಲೆಕ್ಕ

ಮಲೆನಾಡಿನ ಕೃಷಿಕರು ಮಳೆಯನ್ನು ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರಗಳ ಹೆಸರಿನಲ್ಲಿ ಎಣಿಸುತ್ತ ಬಂದಿದ್ದಾರೆ. ಕಡಲ ಮಕ್ಕಳು ಅದೇ ಮಳೆಯನ್ನು ಗಾಳಿಯ ದಿಕ್ಕು, ಅಲೆಯ ಸದ್ದು, ನೀರಿನ ಬಣ್ಣಗಳಿಂದ ಓದುತ್ತಾರೆ. ಡ್ರೋನ್ ಹಿಡಿದು ಕರಾವಳಿಗೆ ಇಳಿಯುವ ಯುವಕರು ಈ ಎರಡು ವಿದ್ಯೆಗಳಲ್ಲಿ ಒಂದನ್ನಾದರೂ ಕಲಿತಿರಬೇಕು.

ಸಣ್ಣ ಡ್ರೋನ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 10 ಮೀಟರ್, ಎಂದರೆ ಗಂಟೆಗೆ 36 ಕಿ.ಮೀ. ವೇಗದ ಗಾಳಿಯನ್ನು ತಾಳಿಕೊಳ್ಳುವಂತೆ ರಚಿತವಾಗಿವೆ. ಮುಂಗಾರಿನ ದಿನಗಳಲ್ಲಿ ಹವಾಮಾನ ಇಲಾಖೆ ಮೀನುಗಾರರಿಗೆ ನೀಡುವ ಎಚ್ಚರಿಕೆಗಳಲ್ಲಿ ಗಂಟೆಗೆ 40-50 ಕಿ.ಮೀ. ವೇಗದ ಗಾಳಿಯ ಪ್ರಸ್ತಾಪ ತೀರ ಸಾಮಾನ್ಯ. ದಡದಲ್ಲಿ ಗಾಳಿಮರಗಳ ಮರೆಯಲ್ಲಿ ನಿಂತವರಿಗೆ ಅದರ ನಿಜವಾದ ವೇಗ ತಿಳಿಯುವುದೂ ಇಲ್ಲ, ಏಕೆಂದರೆ ನೆಲಮಟ್ಟಕ್ಕಿಂತ ಐವತ್ತು, ನೂರು ಮೀಟರ್ ಎತ್ತರದಲ್ಲಿ ಗಾಳಿ ಬಲವಾಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ದಡದಲ್ಲಿ ತಂಗುವ ಕಾಲ. ಮೀನಿನ ಸಂತಾನಕ್ಕಾಗಿ ಸರ್ಕಾರ ವಿಧಿಸುವ ಈ ನಿಷೇಧದ ಕಾಲವೇ ಕಡಲು ಉಗ್ರವಾಗಿರುವ ಕಾಲವೂ ಹೌದು. ಅನುಭವಸ್ಥರು ದೋಣಿ ಇಳಿಸದ ಹೊತ್ತಿನಲ್ಲಿ ಡ್ರೋನ್ ಏರಿಸುವ ಅವಸರ ಒಳ್ಳೆಯದಲ್ಲ.

ಬೇಸಿಗೆಯಲ್ಲಿಯೂ ಗಾಳಿಗೊಂದು ದಿನಚರಿಯಿದೆ. ಹಗಲು ನೆಲ ಬೇಗ ಕಾಯುವುದರಿಂದ ಮಧ್ಯಾಹ್ನ ಕಡಲಿನಿಂದ ನೆಲದತ್ತ ಗಾಳಿ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಜಾವ ನೆಲದಿಂದ ಕಡಲಿನತ್ತ ಬೀಸುತ್ತದೆ. ಇದು ಶಾಲೆಯ ಪಾಠವೇ ಆದರೂ ಇದರೊಳಗೆ ಒಂದು ಅಪಾಯ ಅಡಗಿದೆ. ಮಧ್ಯಾಹ್ನ ಕಡಲಿನತ್ತ ಹೋಗುವ ಡ್ರೋನ್ ಎದುರುಗಾಳಿಯಲ್ಲಿ ಹೆಣಗುತ್ತ ಹೋಗುತ್ತದೆ. ಹಿಂದಿರುಗುವಾಗ ಗಾಳಿಯೇ ಅದನ್ನು ದಡಕ್ಕೆ ತಳ್ಳುತ್ತದೆ. ಬೆಳಗಿನ ಜಾವದ ಹೊಂಬೆಳಕಿಗೆ ಆಸೆಪಟ್ಟು ಹಾರಿಸಿದರೆ ಅದು ಸಲೀಸಾಗಿ, ಬೇಗ ಬೇಗ ಕಡಲಿನತ್ತ ಸಾಗುತ್ತದೆ, ಹಿಂದಿರುಗುವಾಗ ಎದುರುಗಾಳಿ. ಅರ್ಧ ಗಂಟೆಯಷ್ಟೇ ಬಾಳುವ ಬ್ಯಾಟರಿ ಅರ್ಧದಾರಿಯಲ್ಲಿ ಬರಿದಾಗುವುದು ಹೀಗೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗು, ಬರುವಾಗ ಗಾಳಿಯೊಂದಿಗೆ ಬಾ ಎಂಬುದು ಹಾರಾಟದ ಹಳೆಯ ನಿಯಮ.

ನೀರಿನ ಮೇಲೆ ತೀರ ಕೆಳಗೆ ಹಾರಿಸುವುದೂ ಸುರಕ್ಷಿತವಲ್ಲ. ಡ್ರೋನ್‌ನ ಹೊಟ್ಟೆಯಡಿಯ ಸಂವೇದಕಗಳು ಕೆಳಗಿನ ನೆಲದ ಗುರುತುಗಳನ್ನು ನೋಡಿ ತಮ್ಮ ಸ್ಥಾನವನ್ನು ಹಿಡಿದುಕೊಳ್ಳುತ್ತವೆ. ಅಲೆಯ ಮೇಲೆ ಸ್ಥಿರವಾದ ಗುರುತೇ ಇಲ್ಲವಾದ್ದರಿಂದ ಅವು ದಾರಿ ತಪ್ಪುತ್ತವೆ. ಉಪ್ಪು ಹನಿಗಳು ಮೋಟಾರು, ಬೇರಿಂಗುಗಳನ್ನು ಕ್ರಮೇಣ ತಿನ್ನುತ್ತವೆ. ಆಕಾಶ ಶುಭ್ರವಾಗಿರುವಾಗಲೂ ಕಡಲು ಶಾಂತವಾಗಿರಬೇಕೆಂದಿಲ್ಲ. 2024ರ ಮಾರ್ಚ್ 31ರಂದು ಕೇರಳದ ತೀರದಲ್ಲಿ ಬಿರುಗಾಳಿಯಿಲ್ಲದೆ, ಮಳೆಯಿಲ್ಲದೆ ಕಡಲು ಏರಿ ಮನೆಗಳಿಗೆ ನುಗ್ಗಿತು. ದಕ್ಷಿಣ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿ.ಮೀ. ದಾಟಿ ಬಂದು ದಡ ಮುಟ್ಟುವ ಈ ವಿದ್ಯಮಾನಕ್ಕೆ ಅಲ್ಲಿನ ಮೀನುಗಾರರು ಇಟ್ಟ ಹೆಸರು 'ಕಳ್ಳಕ್ಕಡಲ್'. ಕನ್ನಡಿಗರಿಗೂ ಆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ವಿಜ್ಞಾನಿಗಳು ಇಂದು ಅದೇ ಪದವನ್ನು ಬಳಸುತ್ತಾರೆ; ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಅದರ ಮುನ್ನೆಚ್ಚರಿಕೆಯನ್ನೂ ಪ್ರಕಟಿಸುತ್ತದೆ. ಕಡಲತೀರಕ್ಕೆ ಹೊರಡುವ ಮುನ್ನ ಮಳೆಯ ಮುನ್ಸೂಚನೆಯ ಜೊತೆಗೆ ಅಲೆಯ ಮುನ್ಸೂಚನೆಯನ್ನೂ ನೋಡುವುದು ವಿವೇಕ.

ಎರಡು ಅಳಿವೆಗಳು

ಈಗ ಘಟ್ಟದವರ ಸಂಬಂಧಕ್ಕೆ ಬರೋಣ. ಉತ್ತರ ಕನ್ನಡದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ದೊಡ್ಡ ನದಿಗಳು ಕಡಲು ಸೇರುತ್ತವೆ. ನದಿ ಕಡಲು ಸೇರುವ ಬಾಯಿಗೆ ಕರಾವಳಿಯಲ್ಲಿ ಅಳಿವೆ ಎನ್ನುತ್ತಾರೆ. ಅಳಿವೆಯನ್ನು ಮೇಲಿನಿಂದ ನೋಡಿದಾಗ ನದಿಯ ಒತ್ತಡಕ್ಕೂ ಅಲೆಗಳ ಒತ್ತಡಕ್ಕೂ ನಡುವೆ ಮರಳಿನ ದಿಬ್ಬಗಳು ಹೇಗೆ ಬೆಳೆಯುತ್ತವೆ, ಬಾಗುತ್ತವೆ, ಒಡೆಯುತ್ತವೆ ಎಂಬುದು ಕಾಣುತ್ತದೆ. ಡ್ರೋನ್‌ನಿಂದ ನಿಜವಾದ ಪ್ರಯೋಜನವಿರುವ ಜಾಗವಿದು. ನಾಡದೋಣಿಯವರು ಪ್ರತಿ ಮಳೆಗಾಲದ ನಂತರ ದಾರಿಯನ್ನು ಹೊಸದಾಗಿ ಗುರುತಿಸಿಕೊಳ್ಳಬೇಕಾಗುವುದು ಏಕೆ ಎಂಬುದು ಜೂನ್ ಹಾಗೂ ನವೆಂಬರ್ ತಿಂಗಳ ಎರಡು ಚಿತ್ರಗಳಿಂದ ಸ್ಪಷ್ಟವಾಗುತ್ತದೆ.

ಆ ಮರಳು ಎಲ್ಲಿಯದು? ಬಹುಪಾಲು ಘಟ್ಟದ್ದು. ಸಹ್ಯಾದ್ರಿಯ ಬಂಡೆಗಳು ಸಾವಿರಾರು ವರ್ಷ ಸವೆದು, ಹಳ್ಳಕೊಳ್ಳಗಳಲ್ಲಿ ಉರುಳಿ, ನದಿಯಾಗಿ ಕಡಲಿಗೆ ಬಂದ ಮರಳು ಅದು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಯಿತು. ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು ನಂತರ ಬಂದಿತು. ಅಣೆಕಟ್ಟಿನ ಹಿಂದೆ ನಿಂತ ನೀರಿನಲ್ಲಿ ಮರಳು ತಳ ಸೇರುತ್ತದೆ. ಕೆಳಗಿನ ಹೊಳೆಯ ಪಾತ್ರದಿಂದ ಮರಳುಗಾರಿಕೆಯೂ ತನ್ನ ಪಾಲನ್ನು ಎತ್ತುತ್ತದೆ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಅಕ್ಕಪಕ್ಕದಲ್ಲಿರುವ ಈ ಎರಡು ನದಿಗಳ ಅಳಿವೆಗಳನ್ನು ವರ್ಷದಿಂದ ವರ್ಷಕ್ಕೆ ಒಂದೇ ಕ್ರಮದಲ್ಲಿ ಚಿತ್ರೀಕರಿಸಿಟ್ಟರೆ ಕಟ್ಟಿದ ನದಿಗೂ ಕಟ್ಟದ ನದಿಗೂ ಇರುವ ವ್ಯತ್ಯಾಸವನ್ನು ಅಭ್ಯಾಸ ಮಾಡಲು ಅಮೂಲ್ಯ ಸಾಮಗ್ರಿ ದೊರೆತಂತಾಗುತ್ತದೆ. ಬೇಡ್ತಿ-ವರದಾ, ಅಘನಾಶಿನಿ-ವೇದಾವತಿ ನದಿಜೋಡಣೆಯ ಪ್ರಸ್ತಾಪಗಳ ಕಾಲದಲ್ಲಿ ಇಂತಹ ದಾಖಲೆ ಇರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ಅಂತರವಿದೆ. ಬದಲಾವಣೆಯನ್ನು ತೋರಿಸಬೇಕಾದರೆ ಬದಲಾವಣೆಗೆ ಮೊದಲಿನ ಸ್ಥಿತಿ ದಾಖಲಾಗಿರಬೇಕು.

ಖಾಲಿ ಜಾಗವೆಂಬ ಭ್ರಮೆ

ಅಘನಾಶಿನಿಯ ಅಳಿವೆ ಪ್ರದೇಶವನ್ನು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಅದರ ವಿಸ್ತೀರ್ಣ 4,801 ಹೆಕ್ಟೇರ್. ಇದೇ ತದಡಿಯಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಬೃಹತ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪವಿತ್ತು. ಜನರ ವಿರೋಧದಿಂದ ಅದು ಕೈಬಿಟ್ಟುಹೋಯಿತು. ಈ ಅಳಿವೆಯನ್ನು ಉಬ್ಬರದ ಹೊತ್ತಿನಲ್ಲಿ ಮೇಲಿನಿಂದ ಚಿತ್ರಿಸಿದರೆ ಕಾಣುವುದು ವಿಶಾಲವಾದ ನೀರಿನ ಹಾಸು, ಅಂಚಿನಲ್ಲಿ ಕಾಂಡ್ಲಾ ಗಿಡಗಳ ಹಸಿರು, ಅಷ್ಟೇ. ಅದೇ ಜಾಗವನ್ನು ಇಳಿತದ ಹೊತ್ತಿನಲ್ಲಿ ಚಿತ್ರಿಸಿದರೆ ಕೆಸರು ದಿಬ್ಬಗಳ ಮೇಲೆ ಬಾಗಿ ನಿಂತು ಚಿಪ್ಪಿಕಲ್ಲು ಆರಿಸುವ ಹೆಂಗಸರು, ಗಂಡಸರು, ಅವರ ಪಾತಿದೋಣಿಗಳು, ಕೆಸರಿನಲ್ಲಿ ಮೇಯುವ ಹಕ್ಕಿಗಳು ಕಾಣಿಸುತ್ತವೆ. ಮೊದಲ ಚಿತ್ರ ಸುಳ್ಳಲ್ಲ. ಆದರೆ ಅದೊಂದನ್ನೇ ಮುಂದಿಟ್ಟರೆ ಸಾವಿರಾರು ಜನರ ಅನ್ನ ಕಣ್ಮರೆಯಾಗುತ್ತದೆ. ಗಜನಿ ಭೂಮಿಯದೂ ಇದೇ ಕಥೆ. ಮಳೆಗಾಲದಲ್ಲಿ ಅಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತದ ಹಸಿರು. ಬೇಸಿಗೆಯ ಚಿತ್ರದಲ್ಲಿ ಅದು ನೀರು ನಿಂತ ಪಾಳು ಜಾಗದಂತೆ ತೋರುತ್ತದೆ.

ಮರಳ ತೀರದ ವಿಷಯದಲ್ಲಿ ಈ ಭ್ರಮೆ ಇನ್ನೂ ಹೆಚ್ಚು. ಜುಲೈಯಲ್ಲಿ ನಿರ್ಜನವಾಗಿರುವ ಮರಳು ಮಳೆ ಕಳೆದ ಮೇಲೆ ಮೀನು ಒಣಗಿಸುವ ಅಂಗಳವಾಗುತ್ತದೆ. ಒಣಮೀನಿನಿಂದ ಬದುಕುವ ಹೆಂಗಸರಿಗೆ ಅದು ಅಡಿಕೆ ಬೆಳೆಗಾರರ ಅಂಗಳವಿದ್ದ ಹಾಗೆ. ಚಳಿಗಾಲದ ರಾತ್ರಿಗಳಲ್ಲಿ ಅದೇ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ; ಮೊಟ್ಟೆಯೊಡೆದು ಮರಿ ಹೊರಬರಲು ಒಂದೂವರೆಯಿಂದ ಎರಡು ತಿಂಗಳು ಬೇಕು. ಹಗಲಿನ ಡ್ರೋನ್ ಚಿತ್ರದಲ್ಲಿ ಆಮೆ ಕಾಣುವುದಿಲ್ಲ, ಗೂಡೂ ಕಾಣುವುದಿಲ್ಲ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಬಂದರು ಯೋಜನೆಯನ್ನು ವಿರೋಧಿಸಿ ಮೀನುಗಾರರು ವರ್ಷಗಳ ಕಾಲ ಹೋರಾಡಿದಾಗ ಚರ್ಚೆಯ ಕೇಂದ್ರದಲ್ಲಿದ್ದದ್ದು ಇದೇ ಪ್ರಶ್ನೆ: ಈ ಮರಳು ಖಾಲಿಯೇ, ಬಳಕೆಯಲ್ಲಿದೆಯೇ?

ಕರಾವಳಿ ನಿಯಂತ್ರಣ ವಲಯದ ಕಾನೂನು 1991ರಿಂದಲೂ, ನಂತರ 2011 ಮತ್ತು 2019ರ ಅಧಿಸೂಚನೆಗಳಲ್ಲಿಯೂ, ಉಬ್ಬರದ ಗೆರೆಯನ್ನೇ ಆಧಾರವಾಗಿಟ್ಟುಕೊಂಡಿದೆ. ಆ ಗೆರೆಯಿಂದ ಎಷ್ಟು ದೂರ ಎಂಬುದರ ಮೇಲೆ ಏನು ಕಟ್ಟಬಹುದು, ಏನು ಕಟ್ಟಬಾರದು ಎಂಬುದು ನಿರ್ಧಾರವಾಗುತ್ತದೆ. ಸಾರ್ವಜನಿಕ ವಿಚಾರಣೆಯಲ್ಲಿ ಒಂದು ವೈಮಾನಿಕ ಚಿತ್ರವನ್ನು ಪರದೆಯ ಮೇಲೆ ತೋರಿಸಿದಾಗ ಗ್ರಾಮಸ್ಥರು ಮೊದಲು ಕೇಳಬೇಕಾದ ಪ್ರಶ್ನೆಗಳು ಸರಳ. ಇದನ್ನು ಯಾವ ತಾರೀಖಿನಂದು ತೆಗೆಯಲಾಯಿತು? ಆಗ ಉಬ್ಬರವೋ ಇಳಿತವೋ? ಇದೇ ಜಾಗದ ಮಳೆಗಾಲದ ಚಿತ್ರ ಎಲ್ಲಿ? ಹಳೆಯ ಚಿತ್ರವನ್ನು ಹೊಸದೆಂದು ತೋರಿಸುವುದು ಕಷ್ಟವೇನಲ್ಲ. ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದುಬಿತ್ತು. ಹಳೆಯ ಸೇತುವೆಯೂ ಇಡಿಯಾಗಿ ಕಾಣುವ ಚಿತ್ರವನ್ನು ತಂದು ಇಂದಿನದೆಂದರೆ ಊರಿನವರು ಒಡನೆಯೇ ಅಲ್ಲಗಳೆದಾರು. ಆದರೆ ಸೇತುವೆಯಂತಹ ಗುರುತು ಇಲ್ಲದ ಬರೀ ಮರಳಿನ ಚಿತ್ರಕ್ಕೆ ತಾರೀಖಿನ ಹೊರತು ಬೇರೆ ಆಧಾರವಿಲ್ಲ.

ಶಿರೂರಿನ ಪಾಠ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ಮಣ್ಣು ಹೆದ್ದಾರಿಯನ್ನು ಮುಚ್ಚಿ ಗಂಗಾವಳಿ ನದಿಗೆ ನುಗ್ಗಿತು; ಜನ, ವಾಹನ, ಮನೆಗಳು ಅದರಡಿ ಸಿಲುಕಿದವು. ಶೋಧಕ್ಕಾಗಿ ಮಣ್ಣಿನಡಿಯ, ನೀರಿನಡಿಯ ಲೋಹವನ್ನು ಗುರುತಿಸುವ ಉಪಕರಣ ಹೊತ್ತ ಡ್ರೋನ್ ಅನ್ನು ತರಿಸಲಾಯಿತು. ಆಧುನಿಕ ಯಂತ್ರ ಬಂದಿತು, ಆದರೆ ಮಳೆ ನಿಲ್ಲಲಿಲ್ಲ, ಕೆಂಪಗೆ ಉಕ್ಕಿ ಹರಿಯುವ ಹೊಳೆಯ ಸೆಳೆತವೂ ತಗ್ಗಲಿಲ್ಲ. ಲಾರಿ ಎಲ್ಲಿರಬಹುದೆಂಬ ಅಂದಾಜು ಸಿಕ್ಕರೂ ಮುಳುಗುಗಾರರು ಅಲ್ಲಿಗೆ ಇಳಿಯಲಾಗಲಿಲ್ಲ. ಕೊನೆಗೆ ಹೂಳೆತ್ತುವ ಯಂತ್ರ ಬಂದ ನಂತರ ಸೆಪ್ಟೆಂಬರ್ 25ರಂದು ಲಾರಿಯನ್ನು ಹೊರತೆಗೆಯಲಾಯಿತು. ಎಪ್ಪತ್ತೊಂದು ದಿನಗಳು ಕಳೆದಿದ್ದವು.

ಇಲ್ಲಿ ಎರಡು ಪಾಠಗಳಿವೆ. ಹವಾಮಾನ ಕೆಟ್ಟಾಗಲೇ ಡ್ರೋನ್‌ನ ಅಗತ್ಯ ಹೆಚ್ಚು, ಆದರೆ ಅದರ ಶಕ್ತಿ ಕುಂದುವುದೂ ಆಗಲೇ. ಎರಡನೆಯದಾಗಿ, ಅನಾಹುತದ ನಂತರ ತೆಗೆದ ನೂರು ಚಿತ್ರಗಳಿಗಿಂತ ಮೊದಲು ತೆಗೆದ ಕೆಲವು ಚಿತ್ರಗಳು ಹೆಚ್ಚು ಉಪಕಾರಿ. ಹೆದ್ದಾರಿ ಅಗಲೀಕರಣಕ್ಕಾಗಿ ಗುಡ್ಡಗಳ ಬುಡ ಕತ್ತರಿಸಿದ ಜಾಗಗಳು, ಅವುಗಳ ನೆತ್ತಿಯಲ್ಲಿ ಮೂಡುವ ಬಿರುಕುಗಳು, ಹೊಸದಾಗಿ ಒಸರುವ ನೀರು ಇವೆಲ್ಲ ರಸ್ತೆಯಿಂದ ಕಾಣುವುದಿಲ್ಲ, ಮೇಲಿನಿಂದ ಕಾಣುತ್ತವೆ. ಮಳೆಗಾಲಕ್ಕೆ ಮುನ್ನ ಮೇ ತಿಂಗಳಲ್ಲೊಮ್ಮೆ, ಮಳೆ ಬಿಡುವು ಕೊಟ್ಟಾಗಲೊಮ್ಮೆ ಇಂತಹ ಜಾಗಗಳನ್ನು ಚಿತ್ರಿಸಿ ಗ್ರಾಮ ಪಂಚಾಯಿತಿಗೆ, ತಹಸೀಲ್ದಾರರಿಗೆ ಒಪ್ಪಿಸುವ ಕೆಲಸವನ್ನು ಯುವಕರು ಕೈಗೊಂಡರೆ ಅದು ಪ್ರವಾಸದ ಚಿತ್ರಗಳಿಗಿಂತ ಬೆಲೆಯುಳ್ಳದ್ದಾಗುತ್ತದೆ.

ಹಕ್ಕಿಗೂ ಜನರಿಗೂ ಮರ್ಯಾದೆ

2021ರ ಮೇ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತೀರದ ಬೋಲ್ಸಾ ಚಿಕಾ ಎಂಬ ಸಂರಕ್ಷಿತ ಜೌಗು ಪ್ರದೇಶದಲ್ಲಿ ಅನುಮತಿಯಿಲ್ಲದೆ ಹಾರಿಸಿದ ಡ್ರೋನ್ ಒಂದು ರೀವ ಜಾತಿಯ ಹಕ್ಕಿಗಳ ಗೂಡುಗಳ ನಡುವೆ ಬಿತ್ತು. ಬೇಟೆಗಾರ ಹಕ್ಕಿಯೆಂದು ಬೆದರಿದ ಸುಮಾರು 3,000 ಹಕ್ಕಿಗಳು ಗೂಡು ತೊರೆದು ಹಾರಿಹೋದವು. ಸುಮಾರು 1,500 ಮೊಟ್ಟೆಗಳು ಮರಳಿನ ಮೇಲೆ ಅನಾಥವಾಗಿ ಉಳಿದವು. ಯಾರಿಗೂ ಕೇಡು ಬಯಸದ ಒಂದು ಹಾರಾಟ ಒಂದು ಋತುವಿನ ಸಂತತಿಯನ್ನು ಅಳಿಸಿತು. ಕರ್ನಾಟಕದ ಕರಾವಳಿಯಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಎತ್ತರದ ಮರಗಳಲ್ಲಿ, ದ್ವೀಪಗಳಲ್ಲಿ ಗೂಡು ಕಟ್ಟುತ್ತದೆ. ಚಳಿಗಾಲದಲ್ಲಿ ದೂರದೇಶದ ನೀರುಹಕ್ಕಿಗಳು ಅಳಿವೆಗಳ ಕೆಸರಿಗೆ ಇಳಿಯುತ್ತವೆ. ಹಕ್ಕಿಗಳು ತಲೆಯೆತ್ತಿ ನೋಡತೊಡಗಿದವೆಂದರೆ ಡ್ರೋನ್ ಹಿಂದಿರುಗಬೇಕಾದ ಹೊತ್ತಾಯಿತೆಂದೇ ಅರ್ಥ. ಹದ್ದು, ಗರುಡಗಳು ಕೆರಳಿ ಡ್ರೋನ್ ಮೇಲೆ ಎರಗುವುದೂ ಉಂಟು. ರೆಕ್ಕೆ ತಿರುಗುವ ಅಲಗಿಗೆ ಸಿಕ್ಕರೆ ಹಕ್ಕಿಗೇ ಅಪಾಯ.

ಜನರ ವಿಷಯದಲ್ಲಿಯೂ ಸಂಕೋಚವಿರಬೇಕು. ಕೆಸರಿನಲ್ಲಿ ದುಡಿಯುತ್ತಿರುವ ಹೆಂಗಸರ ತಲೆಯ ಮೇಲೆ ಹೇಳದೆ ಕೇಳದೆ ಯಂತ್ರವೊಂದು ಗುಂಯ್‌ಗುಡುವುದು ಅಸಭ್ಯತೆ. ಮೊದಲು ಕೇರಿಗೆ ಹೋಗಿ, ಹಿರಿಯರೊಂದಿಗೆ ಮಾತನಾಡಿ, ಏನು ತೆಗೆಯುತ್ತಿರುವುದು, ಏತಕ್ಕೆ ಎಂಬುದನ್ನು ತಿಳಿಸಿ, ತೆಗೆದ ಚಿತ್ರವನ್ನು ಅವರಿಗೆ ತೋರಿಸುವುದು ಸರಿಯಾದ ಕ್ರಮ. ಚಿತ್ರವನ್ನು ಓದಲು ಬೇಕಾದ ಜ್ಞಾನ ಅವರಲ್ಲಿಯೇ ಇರುತ್ತದೆ. ಮೇಲಿನಿಂದ ನಸುಬಣ್ಣದ ಪಟ್ಟೆಯಾಗಿ ಕಾಣುವುದು ಮರಳೋ, ಬಂಡೆಯೋ, ಹಳೆಯ ದೋಣಿದಾರಿಯೋ ಎಂಬುದನ್ನು ಅವರು ಒಂದು ನೋಟದಲ್ಲಿ ಹೇಳಬಲ್ಲರು.

ಕಾನೂನಿನ ವಿಷಯ ಸಂಕ್ಷೇಪವಾಗಿ. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದವು. ಹಸಿರು ವಲಯದಲ್ಲಿ ಸಾಮಾನ್ಯವಾಗಿ 120 ಮೀಟರ್ ಎತ್ತರದವರೆಗೆ ಪೂರ್ವಾನುಮತಿಯಿಲ್ಲದೆ ಹಾರಿಸಲು ಅವಕಾಶ ನೀಡಿದವು; ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕೆಂದವು. ಕರಾವಳಿಯಲ್ಲಿ ಕಾರವಾರದ ಕದಂಬ ನೌಕಾನೆಲೆ, ಕೈಗಾ ಅಣುವಿದ್ಯುತ್ ಸ್ಥಾವರ, ಮಂಗಳೂರಿನ ಬಂದರು, ವಿಮಾನ ನಿಲ್ದಾಣಗಳಂತಹ ಸೂಕ್ಷ್ಮ ಜಾಗಗಳು ಹತ್ತಿರ ಹತ್ತಿರವಿರುವುದರಿಂದ ಹಾರಿಸುವ ದಿನವೇ ಸರ್ಕಾರದ ನಕ್ಷೆಯನ್ನು ನೋಡಿಕೊಳ್ಳುವುದು ಅವಶ್ಯ. ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಬೇರೆಯೇ ಬೇಕು.

ವಿದ್ಯಾರ್ಥಿಗಳಿಗೊಂದು ಕೆಲಸ

ಡ್ರೋನ್ ಇಲ್ಲವೆಂದು ಕೈಕಟ್ಟಿ ಕೂರಬೇಕಾಗಿಲ್ಲ. 1906ರ ಭೂಕಂಪದಲ್ಲಿ ನಾಶವಾದ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಪ್ರಸಿದ್ಧ ಚಿತ್ರವನ್ನು ಗಾಳಿಪಟಗಳಿಗೆ ಕ್ಯಾಮೆರಾ ಕಟ್ಟಿ, ಕಡಲ ಮೇಲಿನಿಂದ ತೆಗೆಯಲಾಗಿತ್ತು. ಅಳಿವೆಯ ಪಕ್ಕದ ಗುಡ್ಡ, ಸೇತುವೆ, ದೀಪಸ್ತಂಭದ ದಿಬ್ಬ ಇವುಗಳ ಮೇಲೆ ಒಂದು ಕಲ್ಲಿಗೆ ಬಣ್ಣ ಬಳಿದು ಗುರುತು ಮಾಡಿ, ಅದರ ಮೇಲೆ ನಿಂತು ಮೊಬೈಲಿನಲ್ಲಿ ತೆಗೆದ ಚಿತ್ರವೂ ಶಿಸ್ತಿನಿಂದ ಕೂಡಿದ್ದರೆ ದಾಖಲೆಯೇ.

ಶಿಸ್ತು ಎಂದರೆ ಇಷ್ಟು. ಒಂದು ಅಳಿವೆ, ಒಂದು ನಿಶ್ಚಿತ ಸ್ಥಾನ, ಒಂದು ನಿಶ್ಚಿತ ಎತ್ತರ, ಒಂದೇ ದಿಕ್ಕು. ವರ್ಷಕ್ಕೆ ನಾಲ್ಕು ಬಾರಿ: ಮೇ ಕೊನೆಯಲ್ಲಿ, ಮಳೆಗಾಲದ ನಡುವೆ ಸುರಕ್ಷಿತವಾದ ಒಂದು ಬಿಡುವಿನಲ್ಲಿ, ಅಕ್ಟೋಬರಿನಲ್ಲಿ, ಫೆಬ್ರವರಿಯಲ್ಲಿ. ಪ್ರತಿ ಬಾರಿಯೂ ಪಂಚಾಂಗ ನೋಡಿ ಅದೇ ತಿಥಿಯ ಆಸುಪಾಸಿನ ಇಳಿತದ ಹೊತ್ತನ್ನು ಆರಿಸಿಕೊಳ್ಳಬೇಕು. ಸಾಧ್ಯವಾದರೆ ಅದೇ ದಿನದ ಉಬ್ಬರವನ್ನೂ. ಚಿತ್ರದೊಂದಿಗೆ ಒಂದು ನೋಟುಪುಸ್ತಕದಲ್ಲಿ ತಾರೀಖು, ಹೊತ್ತು, ಗಾಳಿ, ಮೋಡ, ನೀರಿನ ಬಣ್ಣ, ಹಿಂದಿನ ಮೂರು ದಿನಗಳಲ್ಲಿ ಘಟ್ಟದ ಮೇಲೆ ಬಿದ್ದ ಮಳೆ ಇವುಗಳನ್ನು ಬರೆದಿಡಬೇಕು. ನಕ್ಷೆ ಮಾಡಬಯಸುವವರು ಒಂದರ ಮೇಲೊಂದು ಹೊಂದಿಕೊಳ್ಳುವಂತೆ ಹಲವು ಚಿತ್ರಗಳನ್ನು ತೆಗೆದು ಗಣಕದಲ್ಲಿ ಜೋಡಿಸಬಹುದು. ನೆಲದ ಭಾಗ ಚೆನ್ನಾಗಿ ಕೂಡಿಕೊಳ್ಳುತ್ತದೆ. ಅಲೆಗಳು ಚಲಿಸುತ್ತಲೇ ಇರುವುದರಿಂದ ನೀರಿನ ಭಾಗ ಸರಿಯಾಗಿ ಕೂಡುವುದಿಲ್ಲ, ಅದನ್ನು ಅಳತೆಗೆ ಬಳಸಬಾರದು. ಯೂರೋಪಿನ ಸೆಂಟಿನೆಲ್ ಉಪಗ್ರಹಗಳ ಚಿತ್ರಗಳು ಉಚಿತವಾಗಿ ದೊರೆಯುತ್ತವೆ. ಅವುಗಳಲ್ಲಿ 10 ಮೀಟರಿಗಿಂತ ಸಣ್ಣ ವಿವರ ಕಾಣದಿದ್ದರೂ ಹಲವು ವರ್ಷಗಳ ಹಿಂದಿನ ಸ್ಥಿತಿಯನ್ನು ನೋಡಬಹುದು. ಉಪಗ್ರಹದ ಹಳೆಯ ನೋಟ, ಡ್ರೋನ್‌ನ ಸೂಕ್ಷ್ಮ ನೋಟ, ದಡದವರ ನೆನಪು ಈ ಮೂರೂ ಒಂದನ್ನೊಂದು ತಿದ್ದಬೇಕು.

ಮಳೆ ದಾಖಲೆ ಇಡುವ ಅಭ್ಯಾಸ ಮಲೆನಾಡಿನ ಅನೇಕ ಮನೆಗಳಲ್ಲಿದೆ. ಅಂಗಳದ ಮಳೆಮಾಪಕದ ಅಂಕಿಯನ್ನು ಪ್ರತಿದಿನ ಬರೆದಿಡುವ ಆ ತಾಳ್ಮೆಯೇ ಈ ಕೆಲಸಕ್ಕೂ ಬೇಕಾದದ್ದು. ಘಟ್ಟದ ಒಂದು ಶಾಲೆ ತನ್ನ ಹೊಳೆಯ ಮಳೆ ಮತ್ತು ನೀರಿನ ಮಟ್ಟವನ್ನು ಬರೆದಿಟ್ಟು, ಅದೇ ಹೊಳೆಯ ಅಳಿವೆಯ ಒಂದು ಶಾಲೆ ಅದೇ ದಿನಗಳ ಚಿತ್ರಗಳನ್ನು ತೆಗೆದಿಟ್ಟು, ವರ್ಷಕ್ಕೊಮ್ಮೆ ಎರಡೂ ಶಾಲೆಗಳ ಮಕ್ಕಳು ಒಂದೆಡೆ ಕೂತು ನೋಡಿದರೆ ಪಠ್ಯಪುಸ್ತಕ ಕಲಿಸದ ಭೂಗೋಳವನ್ನು ಕಲಿಯುತ್ತಾರೆ. ಅಣೆಕಟ್ಟು, ಬಂದರು, ತಡೆಗೋಡೆ ಯಾವುದರ ಪ್ರಸ್ತಾಪ ಬಂದರೂ ಆ ಹೊತ್ತಿಗೆ ಊರಿನ ಕೈಯಲ್ಲಿ ತನ್ನದೇ ಆದ ದಾಖಲೆ ಇರುತ್ತದೆ. ಅದರಲ್ಲಿ ಬಿಸಿಲಿನ ಪುಟಗಳ ಜೊತೆಗೆ ಮಳೆಯ ಪುಟಗಳೂ ಇರುತ್ತವೆ. ಈ ಮುಂಗಾರಿಗೆ ಮುನ್ನ ಮೇ ತಿಂಗಳ ಮೊದಲ ಚಿತ್ರದಿಂದ ಆ ಕೆಲಸ ಆರಂಭವಾಗಲಿ ಎಂಬುದೇ ಈ ಉಪನ್ಯಾಸದ ಕೋರಿಕೆ.